ಟಾರು ದಾರಿಗೆ ಎರಡಡಿ ಸೇರಿಸಲು ಹೋಗಿ: ಮೂಟೆ ಡಾಂಬರು, ಇಂಟರ್‌ಲಾಕ್, ಜಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಂಟರ್‌ಲಾಕ್ ಬ್ಲಾಕಿಗೆ. ಮೂಟೆಯಲ್ಲಿ ಬರುವ ಕೋಲ್ಡ್ ಮಿಕ್ಸ್ ಡಾಂಬರು ನನ್ನ ದುಡ್ಡನ್ನೂ ಒಂದು ಜೊತೆ ಶೂವನ್ನೂ ನುಂಗಿ ಕೂತಿದೆ. ಆ ಸಿಟ್ಟು ಈ ಬರಹದಲ್ಲಿ ಅಲ್ಲಲ್ಲಿ ಇಣುಕಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೇಟಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ನಲವತ್ತಡಿ ಉದ್ದದ ಹಳೇ ಟಾರು ದಾರಿ, ಅಗಲ ಎಂಟೇ ಅಡಿ. ಕಾರಿನ ಬಾಗಿಲು ತೆಗೆದರೆ ಒಂದು ಕಾಲು ಟಾರಿನ ಮೇಲೆ, ಇನ್ನೊಂದು ಮಣ್ಣಿನಲ್ಲಿ. ಮಳೆಗಾಲದಲ್ಲಿ ಆ ಇನ್ನೊಂದು ಕಾಲಿನ ಕಥೆ ಕೇಳಬೇಡಿ. ಎರಡೂ ಬದಿಗೆ ಎರಡೆರಡು ಅಡಿ ಸೇರಿಸೋಣ, ಕೂಲಿ ಉಳಿಸೋಣ ಅಂತ ಹೊರಟೆ. ಎಡಬದಿಗೆ (ಮನೆ ಕಡೆಯಿಂದ ಗೇಟಿನತ್ತ ನೋಡಿದಾಗ ಎಡ) ಮೂಟೆ ಡಾಂಬರು ಹಾಕಿದೆ. ಅದರ ಗತಿ ನೋಡಿ ಮರುವರ್ಷ ಬಲಬದಿಗೆ ಬ್ಲಾಕ್ ಕೂರಿಸಿದೆ. ಕೊನೆಯಲ್ಲಿ ಕಾರು ತಿರುಗಿಸುವ ಮೂಲೆಗೆ ಜಲ್ಲಿ ಸುರಿದೆ.

ಬಿಸಿ ಡಾಂಬರು ಯಾಕೆ ಹಾಕಿಸಲಿಲ್ಲ ಅಂತ ಕೇಳುತ್ತೀರಿ. ವಿಚಾರಿಸಿದ್ದೆ. ಪ್ಲಾಂಟಿನಿಂದ ಸುಮಾರು 150 ಡಿಗ್ರಿ ಶಾಖದಲ್ಲಿ ಹೊರಡುವ ಮಾಲು ಅದು, 80 ಡಿಗ್ರಿಗೆ ಇಳಿಯುವುದರೊಳಗೆ ಹರಡಿ ರೋಲರ್ ಹೊಡೆದು ಮುಗಿಸಿರಬೇಕು. ತೆಳು ಪದರ ಆದರೆ ಕಣ್ಣೆದುರೇ ತಣ್ಣಗಾಗುತ್ತದೆ. ಒಬ್ಬನೇ ಸಲಿಕೆ ಹಿಡಿದು ಮಾಡುವ ಕೆಲಸ ಖಂಡಿತ ಅಲ್ಲ. ಕಂಟ್ರಾಕ್ಟರನೂ "ಇಷ್ಟಕ್ಕೆಲ್ಲ ಲಾರಿ ಕಳಿಸೋಕಾಗಲ್ಲ ಸರ್" ಅಂದ. ಅಲ್ಲಿಗೆ ಮುಗಿಯಿತು.

ಮೂಟೆ ಡಾಂಬರಿನ ಆಕರ್ಷಣೆ ಅದೇ: ಒಲೆ ಬೇಡ, ಲಾರಿ ಬೇಡ, ಮೂಟೆ ಹರಿದು ಸುರಿದು ಬಡಿದರೆ ಆಯಿತು. ಲೆಕ್ಕದಲ್ಲೇ ನಾನು ಮೊದಲು ಎಡವಿದ್ದು. ಎರಡಡಿ ಅಗಲ, ನಲವತ್ತಡಿ ಉದ್ದ, ಬಡಿದ ಮೇಲೆ ಎರಡಿಂಚು ದಪ್ಪ ನಿಲ್ಲಬೇಕೆಂದರೆ ಎಂಟುನೂರು ಕಿಲೋ ಹತ್ತಿರ ಬೇಕು. ಅಂದರೆ 25 ಕಿಲೋದ 32 ಮೂಟೆ. ನಾನು ತಂದಿದ್ದು 20. ಸಡಿಲವಾಗಿ ಹರಡಿದಾಗ ಸಾಕಾಯಿತು ಅನಿಸಿತ್ತು, ಬಡಿದ ಮೇಲೆ ಕುಗ್ಗಿ ಕೂತಿತು. ಈ ಮಾಲು ತಯಾರಾಗಿರುವುದು ರಸ್ತೆಯ ಗುಂಡಿ ಮುಚ್ಚಲಿಕ್ಕೆ. ಗುಂಡಿಗೆ ಎರಡು ಮೂಟೆ ಸಾಕು, ದುಬಾರಿ ಅಂತ ಗೊತ್ತಾಗುವುದಿಲ್ಲ. 32 ಮೂಟೆಯ ಬಿಲ್ಲು ನೋಡಿದಾಗ ಗೊತ್ತಾಗುತ್ತದೆ.

ಆದರೂ ದುಡ್ಡು ಹೋದರೆ ಹೋಗಲಿ. ನನ್ನ ನಿದ್ದೆ ಕೆಡಿಸಿದ್ದು ಹಳೆಯದೂ ಹೊಸದೂ ಸೇರುವ ಆ ಒಂದು ಗೆರೆ.

ಹಳೇ ಟಾರಿನ ಅಂಚು ಮೇಲಿಂದ ನೋಡಲು ಸರಿಯಾಗೇ ಇರುತ್ತದೆ. ಪಕ್ಕದ ಮಣ್ಣು ಕೆರೆದು ನೋಡಿದರೆ ನಿಜ ಬಯಲಾಗುತ್ತದೆ. ನನ್ನ ದಾರಿಯ ಅಂಚು ದೋಸೆಯ ಅಂಚಿನ ಹಾಗೆ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಬೆರಳಲ್ಲಿ ಮುರಿಯುವಷ್ಟಿತ್ತು. ಅಡಿಯಲ್ಲಿ ಜಲ್ಲಿಯೂ ಇಲ್ಲ, ಬರೀ ಮಣ್ಣು. ನಾನೇನು ಮಾಡಿದೆ? ಪೊರಕೆಯಲ್ಲಿ ಗುಡಿಸಿ, ಅದರ ಮೇಲೇ ಒಂದಿಷ್ಟು ಹತ್ತಿಸಿ ಹೊಸ ಡಾಂಬರು ಸವರಿದೆ. ಅವತ್ತು ಸಂಜೆ ಫೋಟೊದಲ್ಲಿ ಗೆರೆಯೇ ಕಾಣಲಿಲ್ಲ, ಎದೆಯುಬ್ಬಿಸಿ ನಾಲ್ಕು ಜನರಿಗೆ ಕಳಿಸಿಯೂ ಬಿಟ್ಟೆ.

ಮೊದಲ ಮಳೆಗೆ ಕೂದಲೆಳೆಯಷ್ಟು ಬಿರುಕು. ಮೂರು ತಿಂಗಳಿಗೆ ಕಿರುಬೆರಳು ತೂರುವಷ್ಟು. ಬಿರುಕಿನಲ್ಲಿ ಇಳಿದ ನೀರು ಅಡಿಯ ಮಣ್ಣನ್ನು ಮೆತ್ತಗೆ ಮಾಡಿತು, ಹೊಸ ಪಟ್ಟಿ ಆ ಗೆರೆಗುಂಟ ಅರ್ಧ ಇಂಚು ಕುಸಿಯಿತು. ಈಗ ಮಳೆ ನಿಂತು ಎರಡು ದಿನವಾದರೂ ಅಲ್ಲಿ ನೀರು. ಸರಿಯಾಗಿ ಎಲ್ಲಿ ಗೊತ್ತೇ? ಕಾರಿನಿಂದ ಇಳಿದಾಗ ಕಾಲಿಡುವ ಜಾಗದಲ್ಲಿ. ಮೊದಲು ಕೆಸರು ತುಳಿಯುತ್ತಿದ್ದೆ, ಈಗ ಖರ್ಚು ಮಾಡಿ ನೀರು ತುಳಿಯುತ್ತಿದ್ದೇನೆ.

ತಪ್ಪು ಯಾರದು ಅಂತ ತಿಳಿಯಲು ಹತ್ತಡಿ ಕಿತ್ತು ಮತ್ತೆ ಮಾಡಿದೆ. ದಾರ ಹಿಡಿದು ಗೆರೆ ಎಳೆದು, ಡೈಮಂಡ್ ಬ್ಲೇಡ್ ಹಾಕಿದ ಕಟಿಂಗ್ ಮಷಿನ್ನಿನಲ್ಲಿ ಹಳೇ ಅಂಚನ್ನು ಆರಿಂಚು ಒಳಕ್ಕೆ, ಟಾರು ಪೂರ್ತಿ ದಪ್ಪ ಸಿಗುವವರೆಗೆ ಕತ್ತರಿಸಿದೆ. ಮಣ್ಣು ತೆಗೆದು ಜಲ್ಲಿ ಮತ್ತು ಕ್ರಷರ್ ಪುಡಿ ತುಂಬಿ ದಮ್ಮಸು ಹಾಕಿದೆ. ಕತ್ತರಿಸಿದ ಅಂಚಿನ ಗೋಡೆಗೆ ಬಿಟುಮೆನ್ ಎಮಲ್ಷನ್ (ನೀರಿನಲ್ಲಿ ಕದಡಿದ ಡಾಂಬರು, ಅಂಟಿನ ಹಾಗೆ) ಬಳಿದು, ಕಂದು ಬಣ್ಣ ಕಪ್ಪಾಗುವವರೆಗೆ ಕಾದು, ಆಮೇಲೆ ಮಾಲು ಹಾಕಿದೆ. ಆ ಹತ್ತಡಿಯಲ್ಲಿ ಬಿರುಕು ಇವತ್ತಿಗೂ ಇಲ್ಲ. ಅಂದಮೇಲೆ ಗೆರೆಯ ಪಾಪ ನನ್ನದೇ, ಮೂಟೆಯದಲ್ಲ. ಒಪ್ಪಿಕೊಂಡೆ.

ಮೆತ್ತಗಿರುವ ಪಾಪ ಮಾತ್ರ ಮೂಟೆಯದೇ. ಒಳಗಿನ ದ್ರಾವಕ ಆರಿದಷ್ಟೂ ಅದು ಗಟ್ಟಿಯಾಗುವುದು. ಗುಂಡಿಯಲ್ಲಾದರೆ ಸುತ್ತ ಹಳೇ ಟಾರಿನ ಆಸರೆ ಇರುತ್ತದೆ, ಮೇಲೆ ದಿನವಿಡೀ ಗಾಡಿಗಳು ತುಳಿಯುತ್ತವೆ. ನನ್ನ ಪಟ್ಟಿಯ ಹೊರ ಅಂಚಿಗೆ ಆಸರೆಯೇ ಇಲ್ಲ, ಮೇಲೆ ಮರದ ನೆರಳು. ತಿಂಗಳುಗಟ್ಟಲೆ ಒಳಗೆ ಹಸಿಯಾಗೇ ಇತ್ತು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೈರು ಅದನ್ನು ಕಿತ್ತು ಮಡ್‌ಗಾರ್ಡಿನ ಒಳಕ್ಕೆ ಅಂಟಿಸುತ್ತಿತ್ತು. ಮೇಲೆ ಮರಳು ಎರಚಿದ ಮೇಲೆ ಅಂಟುವುದು ಕಡಿಮೆಯಾಯಿತು, ಹೊರ ಅಂಚು ಉಬ್ಬಿ ಜರುಗುವುದು ನಿಲ್ಲಲಿಲ್ಲ. ಇನ್ನೊಂದು ಬುದ್ಧಿವಂತಿಕೆ: ಸಲಿಕೆಗೆ ಅಂಟಿದ್ದನ್ನು ಹೊಸ ಪಟ್ಟಿಯ ಪಕ್ಕದಲ್ಲೇ ಕೂತು ಡೀಸೆಲಿನಲ್ಲಿ ತೊಳೆದೆ. ಚೆಲ್ಲಿದ ಕಡೆಯೆಲ್ಲ ಡಾಂಬರು ಕರಗಿ ಕಾಳು ಕಾಳಾಗಿ ಬಿಟ್ಟುಕೊಂಡಿತು.

ಬಲಬದಿಗೆ ಬರೋಣ. ಬ್ಲಾಕಿಗೆ ಅಗೆತ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆರರಿಂದ ಎಂಟಿಂಚು ಜಲ್ಲಿ, ಅದರ ಮೇಲೆ ಒಂದಿಂಚು ಮರಳು, ಮೇಲೆ 60 ಮಿಲಿಮೀಟರಿನ ಬ್ಲಾಕು, ಒಟ್ಟು ಒಂದಡಿಗೆ ಸ್ವಲ್ಪ ಕಡಿಮೆ. (ಅಗೆಯುವ ಮೊದಲು ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಿ ಹೋಗಿದೆ ನೋಡಿಕೊಳ್ಳಿ.) ಇಟ್ಟಿಗೆ ಆಕಾರದ 20 ಸೆಂಟಿಮೀಟರ್ ಉದ್ದ, 10 ಅಗಲದ ಬ್ಲಾಕು ಚದರ ಮೀಟರಿಗೆ 50 ಬೇಕು. ನನ್ನ ಪಟ್ಟಿಗೆ ಒಡೆದದ್ದು, ಕತ್ತರಿಸಿದ್ದು ಸೇರಿ 400. ಒಂದು ಟನ್ನಿಗೂ ಮಿಕ್ಕ ಭಾರ, ಅಷ್ಟನ್ನೂ ಕೈಯಲ್ಲೇ ಹೊತ್ತದ್ದು. ಸೊಂಟ ಒಂದು ವಾರ ಮಾತಾಡಿಸಲಿಲ್ಲ.

ಇಲ್ಲೂ ಹಳೇ ಅಂಚನ್ನು ಕತ್ತರಿಸಲೇಬೇಕು, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಹೊರಗಡೆ ಕಾಂಕ್ರೀಟಿನ ಕಟ್ಟು ಕೊಡದಿದ್ದರೆ ಬ್ಲಾಕುಗಳು ಒಂದೊಂದಾಗಿ ಹೊರಕ್ಕೆ ನಡೆಯುತ್ತವೆ. ಓರೆಯಾಗಿ ಹೆಣೆದ ಜೋಡಣೆ ಟೈರು ತಿರುಗುವಾಗ ಅಲುಗದೆ ನಿಲ್ಲುತ್ತದೆ. ಅಂಚಿನಲ್ಲಿ ಕತ್ತರಿಸುವ ಕೆಲಸ ಹೆಚ್ಚಾದರೂ ಅದನ್ನೇ ಮಾಡಿ. ಮೇಲ್ಮಟ್ಟವನ್ನು ಟಾರಿಗಿಂತ ಒಂದೆರಡು ನೂಲು (ಇಂಚಿಗೆ ಎಂಟು ನೂಲು) ಎತ್ತರ ಇಡಿ, ಕಾರು ಓಡಾಡಿ ಕೂರುತ್ತದೆ. ವಾಟ ಮನೆಯಿಂದ ಆಚೆಗಿರಲಿ.

ನನಗೆ ಬ್ಲಾಕು ಹಿಡಿಸಿದ್ದು ಗಟ್ಟಿತನಕ್ಕಿಂತ ಅದರ ತಾಳ್ಮೆಗೆ. ನಾನು ಕೆಲಸ ಮಾಡುವುದು ಭಾನುವಾರ ಬೆಳಿಗ್ಗೆ ಎರಡು ಗಂಟೆ, ಮನಸ್ಸಿದ್ದರೆ ಸಂಜೆ ಇನ್ನೊಂದು. ಎಂಟು ಸಾಲು ಕೂರಿಸಿ ಟಾರ್ಪಾಲು ಹೊದಿಸಿ ಒಳಗೆ ಹೋದರೆ ಮುಂದಿನ ವಾರ ಅದು ಇದ್ದಲ್ಲೇ ಇರುತ್ತದೆ. ದುಡ್ಡೂ ಹಾಗೇ: ಈ ತಿಂಗಳು ಜಲ್ಲಿ, ಮುಂದಿನ ತಿಂಗಳು ಬ್ಲಾಕು. ಮಳೆಗಾಲ ಕಳೆದ ಮೇಲೆ ಒಂದು ಕಡೆ ಮೂರು ಬ್ಲಾಕು ತಗ್ಗಿದ್ದವು. ಹಳೇ ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದು, ಒಂದು ಹಿಡಿ ಮರಳು ಹಾಕಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದೆ. ಚಹಾ ಆರುವುದರೊಳಗೆ ಮುಗಿದಿತ್ತು.

ಬಣ್ಣ ಹೊಂದುವುದಿಲ್ಲ ಅನ್ನುವವರಿಗೆ: ಹೌದು, ಹೊಂದುವುದಿಲ್ಲ. ಕಪ್ಪು ಟಾರಿನ ಪಕ್ಕ ಬೂದು ಪಟ್ಟಿ ಬೇಕೆಂದೇ ಇಟ್ಟ ಬಾರ್ಡರಿನ ಹಾಗೆ ಕಾಣುತ್ತದೆ ಅಂತ ನಾನು ಹೇಳಿಕೊಳ್ಳುತ್ತಿದ್ದೇನೆ, ಮನೆಯವರು ಇನ್ನೂ ಒಪ್ಪಿಲ್ಲ.

ಜಲ್ಲಿ ಎಲ್ಲಕ್ಕಿಂತ ಅಗ್ಗ, ಒಂದೇ ದಿನದ ಕೆಲಸ. ಮೂಲೆಯಿರುವ 20 ಮಿಲಿಮೀಟರಿನ ಒಡೆದ ಜಲ್ಲಿಯೇ ಇರಲಿ, ಗುಂಡಗಿನ ಕಲ್ಲು ಕಾಲಡಿ ಜಾರುತ್ತದೆ. ಟಾರಿನ ಮೇಲೆ ಹಾರಿದ್ದನ್ನು ವಾರಕ್ಕೊಮ್ಮೆ ಗುಡಿಸಬೇಕು. ಟೈರು ಹತ್ತುವುದೇ ಇಲ್ಲ, ಬರೀ ಕಾಲಿಡಲು ಜಾಗ ಬೇಕು ಅನ್ನುವವರು ಬೇರೆ ಯಾವುದನ್ನೂ ಯೋಚಿಸಬೇಡಿ.

ಎಡಬದಿಯ ಉಳಿದ ಮೂವತ್ತಡಿ ಇನ್ನೂ ಹಾಗೇ ಇದೆ. ಬ್ಲಾಕು ತಂದಾಗಿದೆ, ಗೋಡೆಯ ಪಕ್ಕ ಪೇರಿಸಿಟ್ಟಿದ್ದೇನೆ. ಅಲ್ಲಿಯವರೆಗೆ ಕಾರನ್ನು ರಿವರ್ಸಿನಲ್ಲಿ ಒಳಗೆ ತರುತ್ತೇನೆ, ಇಳಿಯುವಾಗ ಕಾಲು ಬಲಬದಿಯ ಪಟ್ಟಿಯ ಮೇಲೆ ಬೀಳಲಿ ಅಂತ.