32 ಕಡ್ಡಿಯೋ, 24 ಕಡ್ಡಿಯೋ: ದಿನದ ಓಡಾಟಕ್ಕೆ ಯಾವ ಗಾಲಿ?

ರೋಡ್ ಸೈಕಲ್‌ಗೆ ದಿನಾ ಓಡಿಸುವ ಗಾಲಿ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: 32 ಕಡ್ಡಿ ಹಾಕಿ ಕೈಯಲ್ಲಿ ಕಟ್ಟಿಸಿದ್ದು. ಇದಕ್ಕೆ ಮುಂಚೆ ಇದ್ದದ್ದು ಕಂಪನಿಯಿಂದ ರೆಡಿಯಾಗಿ ಬಂದ ಜೋಡಿ. ಮುಂದೆ 20, ಹಿಂದೆ 24 ಚಪ್ಪಟೆ ಕಡ್ಡಿ. ನೋಡೋಕೆ ಬಹಳ ಚೆಂದ. ಎರಡಕ್ಕೂ ನಾನು ಕೊಟ್ಟ ದುಡ್ಡು ಹೆಚ್ಚು ಕಡಿಮೆ ಅಷ್ಟೇ.

ನನ್ನ ತೂಕ 84 ಕೆಜಿ. ಬೆನ್ನಿಗೆ ಲ್ಯಾಪ್‌ಟಾಪ್, ಊಟದ ಡಬ್ಬಿ. ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುವುದು, ಭಾನುವಾರ ಚಾಮುಂಡಿ ಬೆಟ್ಟ. ದಾರಿಯಲ್ಲಿ ಹಂಪುಗಳಿಗೇನೂ ಬರವಿಲ್ಲ.

ರೆಡಿ ಜೋಡಿಯಲ್ಲಿ ಮುರಿದದ್ದು ಒಂದೇ ಕಡ್ಡಿ. ಹಿಂದಿನ ಗಾಲಿ, ಚೈನ್ ಇರುವ ಬದಿ. 24ರಲ್ಲಿ ಒಂದು ಹೋದರೆ ಏನು ಮಹಾ ಅಲ್ವಾ? ಆದರೆ ಕಡ್ಡಿ ಕಡಿಮೆ ಇದ್ದಷ್ಟೂ ಒಂದೊಂದರ ಬಿಗಿ ಜಾಸ್ತಿ, ನಡುವಿನ ಅಂತರವೂ ಜಾಸ್ತಿ. ಒಂದು ಹೋದ ಕೂಡಲೇ ರಿಮ್ ಎಡಕ್ಕೆ ವಾಲಿತು. ಬ್ರೇಕ್ ಪೂರ್ತಿ ಬಿಚ್ಚಿದರೂ ಟೈರು ಫ್ರೇಮಿಗೇ ಉಜ್ಜುತ್ತಿತ್ತು. ರಿಂಗ್ ರೋಡಿನಲ್ಲಿ ಗೂಡ್ಸ್ ಆಟೋ ಹುಡುಕಬೇಕಾಯಿತು.

ನಿಜವಾದ ಗೋಳು ಶುರುವಾದದ್ದು ಆಮೇಲೆ. ನಮ್ಮ ಬೀದಿಯ ಸೈಕಲ್ ಅಂಗಡಿಯವರು ನೋಡಿ, "ಸಾರ್, ಇದು ತಲೆ ಹತ್ರ ಬಗ್ಗಿಲ್ವಲ್ಲ, ನಮ್ಮ ಹತ್ರ ಇರೋ ಕಡ್ಡಿ ಕೂರಲ್ಲ" ಅಂದರು. ಹೌದು, ಅದು ನೇರ ಕಡ್ಡಿ, ಗಾಲಿಯ ನಡುವಿನ ಹಬ್‌ನ ತೂತೂ ಅದಕ್ಕೆ ತಕ್ಕಂತೆ. ಮಾರಿದವರನ್ನು ಕೇಳಿದರೆ ಬಿಡಿ ಕಡ್ಡಿ ಸ್ಟಾಕ್ ಇಲ್ಲ, ತರಿಸಬೇಕು. ತರಿಸಿದರು, ವಾರಗಟ್ಟಲೆ ಕಾಯಿಸಿ. ಅಲ್ಲಿವರೆಗೆ ನಾನು ಸಿಟಿ ಬಸ್ಸಿನ ಪ್ರಯಾಣಿಕ.

ಕಡ್ಡಿ ಬಂತು, ಬೆಂಡ್ ತೆಗೆಯಲು ಆಗಲಿಲ್ಲ. ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ತಿರುಗಿಸಿದರೆ ಕಡ್ಡಿಯೂ ಜೊತೆಗೇ ತಿರುಗುತ್ತದೆ. ಚಪ್ಪಟೆ ಭಾಗವನ್ನು ಹಿಡಿದುಕೊಳ್ಳುವ ಬೇರೆ ಟೂಲ್ ಬೇಕು. ಮೇಲಾಗಿ ನಿಪ್ಪಲ್‌ಗಳು ಅಲ್ಯೂಮಿನಿಯಂ. ಮಳೆಗಾಲ ಕಳೆದಿದ್ದರಿಂದ ಕೆಲವು ಅಲ್ಲೇ ಕಚ್ಚಿಕೊಂಡು, ಸ್ಪೋಕ್ ಕೀಲಿ ಹಾಕಿ ತಿರುಗಿಸಿದರೆ ಮೂಲೆ ಸವೆದು ದುಂಡಗಾದವು.

ಕಡ್ಡಿ ಮುರಿಯುವುದು ಒಂದು ಗುಂಡಿಗೆ ಬಿದ್ದಿದ್ದಕ್ಕಲ್ಲ, ಹೆಚ್ಚಾಗಿ ದಣಿದು. ಗಾಲಿ ಒಂದು ಸುತ್ತು ತಿರುಗಿದಾಗ ಪ್ರತಿ ಕಡ್ಡಿಯೂ ಕೆಳಗೆ ಬರುವ ಹೊತ್ತಿಗೆ ಸ್ವಲ್ಪ ಸಡಿಲವಾಗಿ ಮತ್ತೆ ಬಿಗಿಯುತ್ತದೆ. 25 ಮಿಮೀ ಟೈರ್ ಇರುವ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 475 ಸುತ್ತು ಹಾಕುತ್ತದೆ. ನನ್ನಂಥ ಭಾರದ ಆಸಾಮಿ ಕೂತರೆ ಈ ಹೊರೆಯನ್ನು ಹಂಚಿಕೊಳ್ಳಲು ಹೆಚ್ಚು ಕಡ್ಡಿ ಇದ್ದಷ್ಟೂ ಒಳ್ಳೆಯದು.

ಈಗಿನದು ಶಿಮಾನೊ 105 ಹಬ್, ಡಿಟಿ ಸ್ವಿಸ್ ಆರ್460 ರಿಮ್, ತುದಿಗಳಲ್ಲಿ 2.0, ನಡುವೆ 1.8 ಮಿಮೀ ದಪ್ಪದ ದುಂಡು ಕಡ್ಡಿ, ಹಿತ್ತಾಳೆ ನಿಪ್ಪಲ್. ಬೆಂಗಳೂರಿನಲ್ಲಿ ಕಟ್ಟಿಸಿದ್ದು. ಅಳತೆ ಕೇಳಿಕೊಂಡು ಎರಡು ಹೆಚ್ಚುವರಿ ಕಡ್ಡಿ ತಂದು ಫ್ರೇಮಿಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಒಮ್ಮೆ ಒಣಗಿದ ಕೊಂಬೆಯೊಂದು ಸಿಕ್ಕಿಕೊಂಡು ಒಂದು ಕಡ್ಡಿ ಹೋಯಿತು. ಬ್ರೇಕ್ ಸಡಿಲಿಸಿ ಮನೆಗೆ ಓಡಿಸಿಕೊಂಡೇ ಬಂದೆ. ಮಾರನೇ ದಿನ ಅದೇ ಬೀದಿ ಅಂಗಡಿಯಲ್ಲಿ ರಿಪೇರಿ. ಹಿಂದಿನ ಗಾಲಿಯ ಬಲಬದಿಯದಾದರೆ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬಿಚ್ಚಬೇಕು, ಆ ಟೂಲ್ ಮಾತ್ರ ನೀವೇ ಇಟ್ಟುಕೊಳ್ಳಿ. ಸಣ್ಣ ಅಂಗಡಿಯಲ್ಲಿ ಇರುತ್ತದೆ ಅಂತ ನಂಬಬೇಡಿ.

ಹಬ್‌ನಲ್ಲಿ ಹಳೇ ಕಾಲದ ಕೋನು, ಬಾಲ್ಸು. ಬಿಚ್ಚಿ, ಗ್ರೀಸ್ ತುಂಬಿ, ಮುಚ್ಚಿದರಾಯಿತು. ರೆಡಿ ಗಾಲಿಯ ಸೀಲ್ಡ್ ಬೇರಿಂಗ್‌ಗೆ ಈ ಉಸಾಬರಿ ಇರಲಿಲ್ಲ, ಒಪ್ಪುತ್ತೇನೆ.

ತೂಕ? ಕಟ್ಟಿಸಿದ್ದು ಇನ್ನೂರು ಗ್ರಾಂ ಜಾಸ್ತಿ ಇರಬಹುದು. ಬೆಟ್ಟದಲ್ಲಿ ನಾನು ಮೊದಲೂ ಕೊನೆಯವನೇ, ಈಗಲೂ ಕೊನೆಯವನೇ.

ಗೆಳೆಯನ ಕಾರ್ಬನ್ ಗಾಲಿಯನ್ನೂ ಹಾಕಿ ನೋಡಿದೆ. ಹತ್ತುವಾಗ ಸುಖ. ಇಳಿಯುವಾಗ ಮಳೆ ಬಂತು, ರಿಮ್ ಬ್ರೇಕ್ ಹಿಡಿಯಲು ಯೋಚನೆ ಮಾಡತೊಡಗಿತು. ಬೆಲೆಯ ಮಾತೇ ಬೇಡ.

ರಿಮ್ ಬ್ರೇಕ್ ಇದ್ದರೆ ಮಳೆಯ ಕೆಸರು, ಮರಳು ಸೇರಿ ರಿಮ್ಮಿನ ಬದಿ ಸವೆದೇ ಸವೆಯುತ್ತದೆ. ಆಗ ಅದೇ ಮಾದರಿಯ ಹೊಸ ರಿಮ್ ತಂದು, ಹಳೆಯದರ ಪಕ್ಕಕ್ಕೆ ಟೇಪ್ ಸುತ್ತಿ, ಕಡ್ಡಿಗಳನ್ನು ಒಂದೊಂದಾಗಿ ವರ್ಗಾಯಿಸಿದರೆ ಸಾಕು. ಹಬ್ ಹಾಗೇ ಉಳಿಯುತ್ತದೆ. ನನ್ನ ಜೇಬಿಗೆ ಹಿಡಿಸಿದ್ದೇ ಇದು.

ನಿಮ್ಮ ತೂಕ ಅರವತ್ತು ಕೆಜಿ ಆಸುಪಾಸಿದ್ದು, ಬರೀ ಭಾನುವಾರ ಒಳ್ಳೆಯ ರಸ್ತೆಯಲ್ಲಿ ಓಡಿಸುವವರಾದರೆ ರೆಡಿ ಜೋಡಿಯೇ ತಗೊಳ್ಳಿ. ದುಡ್ಡು ಕೊಡುವ ಮುಂಚೆ ಬಿಡಿ ಕಡ್ಡಿ ನಾಲ್ಕು ಜೊತೆಗೆ ಕೊಡಿ ಅಂತ ಕೇಳಿ. ಇಲ್ಲ ಅಂದರೆ ಬೇರೆ ಅಂಗಡಿ ನೋಡಿ.