ಬಳ್ಳಾರಿಯಿಂದ ‘ಒಂದೇ ದಿನದಲ್ಲಿ ಹಂಪಿ–ಆನೆಗುಂದಿ’ ಪ್ಯಾಕೇಜು: ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿ ವಯಸ್ಸಾದವರನ್ನೋ ಮಕ್ಕಳನ್ನೋ ಕರೆದುಕೊಂಡು ಬಳ್ಳಾರಿಯಿಂದ ಹಂಪಿಗೆ ಹೋಗಿಬರಬೇಕು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋದ ಆಗಸ್ಟ್ ತಿಂಗಳ ಒಂದು ಭಾನುವಾರ ನಾನು, ಅಮ್ಮ, ಅಕ್ಕ, ಅಕ್ಕನ ಮಗ ನಾಲ್ಕು ಜನ ಇಂಥದ್ದೊಂದು ಪ್ಯಾಕೇಜಿನಲ್ಲಿ ಹೋಗಿದ್ದೆವು. ವಾಟ್ಸಾಪಿನಲ್ಲಿ ಯಾರೋ ಪರಿಚಯದವರು ಕಳಿಸಿದ ಪೋಸ್ಟರ್. ಹಂಪಿ, ಆನೆಗುಂದಿ, ಅಂಜನಾದ್ರಿ, ಒಟ್ಟು 21 ಸ್ಥಳ. ಗೈಡ್, ಊಟ, ಎಂಟ್ರಿ ಟಿಕೆಟ್, ಹರಿಗೋಲು ಎಲ್ಲಾ ಸೇರಿ ತಲೆಗೆ 1,300 ರೂಪಾಯಿ. ನಾಲ್ಕು ಜನಕ್ಕೆ 5,200 ರೂಪಾಯಿಯನ್ನು ಮೂರು ದಿನ ಮುಂಚೆಯೇ ಪೂರ್ತಿ ಹಾಕಿಸಿಕೊಂಡರು.

ಈ ಟ್ರಿಪ್ಪು ನಾವು ಮಾಡಿದ್ದೇ ಅಮ್ಮನಿಗಾಗಿ. ಅಮ್ಮ ಹಂಪಿಗೆ ಹೋಗಿಲ್ಲ ಅಂತಲ್ಲ, ವಿರೂಪಾಕ್ಷನ ತೇರಿಗೆ ಎಷ್ಟೋ ಸಲ ಹೋಗಿದ್ದಾಳೆ. ಆದರೆ ಜಾತ್ರೆಗೆ ಹೋದವರು ದರ್ಶನ ಮಾಡಿ, ಹಣ್ಣು ಕಾಯಿ ಮಾಡಿಸಿ, ಬಂದ ಗಾಡಿಯಲ್ಲೇ ವಾಪಸು ಬರುತ್ತಾರೆ. ವಿಠ್ಠಲನ ಗುಡಿಯ ಕಲ್ಲಿನ ತೇರನ್ನು ಅವಳು ಒಮ್ಮೆಯೂ ನೋಡಿಲ್ಲ. ಅಮ್ಮನದು ಕೌಲ್ ಬಜಾರ್ ಕಡೆ ಸಣ್ಣ ಕಿರಾಣಿ ಅಂಗಡಿ. 2017ರಲ್ಲಿ ಹೊಸ 50 ರೂಪಾಯಿ ನೋಟು ಬಂದಾಗಿಂದ ಆ ತೇರು ದಿನಕ್ಕೆ ಹತ್ತು ಸಲ ಅವಳ ಕೈಗೆ ಬರುತ್ತದೆ, ಹೋಗುತ್ತದೆ. ‘ಇಲ್ಲೇ ಇದ್ದುಕೊಂಡು ಇದನ್ನ ನೋಡಿಲ್ಲಲ್ಲೇ’ ಅಂತ ವರ್ಷಗಳಿಂದ ಹೇಳುತ್ತಿದ್ದಳು. ಮೊಣಕಾಲು ನೋವು ಜಾಸ್ತಿಯಾಗುವ ಮುಂಚೆ ತೋರಿಸಿಬಿಡೋಣ ಅಂತ ಹೊರಟೆವು.

ಬೆಳಿಗ್ಗೆ ಆರೂವರೆಗೆ ರಾಯಲ್ ಸರ್ಕಲ್ ಹತ್ತಿರ ನಿಲ್ಲಿ ಅಂದರು, ನಿಂತೆವು. ಗಾಡಿ ಬಂದಿದ್ದು ಎಂಟು ದಾಟಿದ ಮೇಲೆ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್‌ನಲ್ಲಿ ಹದಿನಾರು ಜನ. ನಡುವಿನ ದಾರಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಹುಡುಗರನ್ನು ಕೂರಿಸಿದರು. ನಂಬರ್ ಪ್ಲೇಟು ಬಿಳಿ ಇದ್ದದ್ದನ್ನು ನಾನು ನೋಡಿದ್ದೆ, ಅದರ ಅರ್ಥ ಆಗ ತಲೆಗೆ ಹೋಗಲಿಲ್ಲ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡ್ ಇರಬೇಕು. ಸ್ವಂತಕ್ಕೆ ಅಂತ ನೋಂದಾಯಿಸಿದ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸಿ ಏನಾದರೂ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಲು ತಕರಾರು ತೆಗೆಯುತ್ತದೆ. ತೋರಣಗಲ್ಲಿನ ಕಡೆ ಅದಿರಿನ ಲಾರಿಗಳ ನಡುವೆ ಓಡುವಾಗ ನಾವು ಹದಿನಾರು ಜನ ಎಂಥ ಗಾಡಿಯಲ್ಲಿ ಕೂತಿದ್ದೆವು ಅನ್ನುವುದು ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ.

ಹೊಸಪೇಟೆ ದಾಟಿದ ಮೇಲೆ ಮೊದಲು ನಿಲ್ಲಿಸಿದ್ದು ಹಂಪಿಯಲ್ಲಲ್ಲ, ರಸ್ತೆ ಬದಿಯ ಒಂದು ಅಂಗಡಿಯಲ್ಲಿ. ಕಲ್ಲಿನ ವಿಗ್ರಹ, ಕನ್ನಡಿ ಹಾಕಿದ ಲಂಬಾಣಿ ಕಸೂತಿ ಚೀಲ, ಸೀರೆ. ‘ಹತ್ತೇ ನಿಮಿಷ, ಸುಮ್ನೆ ನೋಡ್ರಿ, ತಗೊಳ್ಳೋದೇನೂ ಬ್ಯಾಡ’ ಅಂದ ಗೈಡ್. ಹತ್ತು ನಿಮಿಷ ಐವತ್ತು ನಿಮಿಷವಾಯಿತು. ನಾನು ನೀರು ಕೇಳಲು ಗಲ್ಲಾ ಹತ್ತಿರ ಹೋದಾಗ ಅಲ್ಲಿ ಉದ್ದನೆಯ ಒಂದು ನೋಟ್‌ಬುಕ್ ತೆರೆದಿತ್ತು. ಒಂದು ಕಡೆ ನಮ್ಮ ಗಾಡಿಯ ನಂಬರ್, ಪಕ್ಕದಲ್ಲಿ 16, ಅದರ ಪಕ್ಕದಲ್ಲಿ ಯಾರು ಎಷ್ಟಕ್ಕೆ ಕೊಂಡರು ಅನ್ನುವ ಲೆಕ್ಕ. ಆ ಪುಟದಲ್ಲಿ ನಮ್ಮದಕ್ಕಿಂತ ಮುಂಚೆ ಬಂದ ನಾಲ್ಕು ಗಾಡಿಗಳ ನಂಬರೂ ಇತ್ತು. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರು ವ್ಯಾಪಾರ ಮಾಡುತ್ತಾರೆ. ನಮ್ಮ ದಿನದ ಐವತ್ತು ನಿಮಿಷವನ್ನು ನಮಗೆ ಹೇಳದೆ ಕಮಿಷನ್ನಿಗೆ ಮಾರಿಕೊಂಡವರ ಮೇಲೆ ಸಿಟ್ಟು.

ವಿರೂಪಾಕ್ಷನ ಗುಡಿಗೆ ಹೋದಾಗ ಹನ್ನೊಂದೂಮುಕ್ಕಾಲು. ‘ಅರ್ಧ ತಾಸಿನ ಒಳಗೆ ಎಲ್ಲಾರೂ ಗಾಡಿ ಹತ್ರ ಇರಬೇಕು’ ಅಂತ ಹೇಳಿ ಗೈಡ್ ಹೊರಗೇ ನಿಂತ. ಭಾನುವಾರದ ಸಾಲಿನಲ್ಲಿ ದರ್ಶನಕ್ಕೇ ಅರ್ಧ ತಾಸು ಹೋಯಿತು. ಗೋಪುರದ ನೆರಳು ಗುಡಿಯೊಳಗಿನ ಕತ್ತಲೆ ಕೋಣೆಯ ಗೋಡೆ ಮೇಲೆ ತಲೆಕೆಳಗಾಗಿ ಬೀಳುವುದನ್ನು ಅಕ್ಕನ ಮಗನಿಗೆ ತೋರಿಸಬೇಕು ಅಂತಿದ್ದೆ. ಸಣ್ಣ ಕಿಂಡಿಯಿಂದ ಬರುವ ಬೆಳಕು ಹೊರಗಿನ ಚಿತ್ರವನ್ನು ಉಲ್ಟಾ ಮೂಡಿಸುವುದನ್ನು ಅವನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದಾನೆ. ಅದಕ್ಕೂ ಹೊತ್ತು ಸಿಗಲಿಲ್ಲ.

ಗೈಡ್ ಅಂದೆನಲ್ಲ, ಆತನ ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ಪ್ರವಾಸೋದ್ಯಮ ಇಲಾಖೆಯಿಂದ ತರಬೇತಿಯಾದ ಗೈಡ್‌ಗಳು ಹಂಪಿಯಲ್ಲಿದ್ದಾರೆ, ಅವರ ಹತ್ತಿರ ಕಾರ್ಡ್ ಇರುತ್ತದೆ. ನಮ್ಮವನು ಮೊಬೈಲ್ ನೋಡಿಕೊಂಡು ಓದುತ್ತಿದ್ದ. ಕೃಷ್ಣದೇವರಾಯ ಯುದ್ಧದಲ್ಲಿ ಸೋತು ಸತ್ತ, ಅವತ್ತೇ ಹಂಪಿ ಹಾಳಾಯಿತು ಅಂದ. ಅಕ್ಕನ ಮಗ ಏಳನೇ ಕ್ಲಾಸು. ‘ಸರ್, ಕೃಷ್ಣದೇವರಾಯ ತೀರಿಕೊಂಡಿದ್ದು 1529ರಾಗ ಅಲ್ಲೇನ್ರಿ? ಯುದ್ಧ ಆಗಿದ್ದು 1565, ಆಗ ಇದ್ದಿದ್ದು ರಾಮರಾಯ’ ಅಂದ. ‘ಸ್ಕೂಲ್ ಪಾಠ ಬ್ಯಾರೆ, ಇದು ಬ್ಯಾರೆ, ಸುಮ್ನೆ ಕೇಳು’ ಅಂತ ಹುಡುಗನ ಬಾಯಿ ಮುಚ್ಚಿಸಿದ. ಅವತ್ತು ಸಂಜೆಯವರೆಗೂ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನರಸಿಂಹನ ಮುಂದೆಯೂ ಹೀಗೇ. ‘ಉಗ್ರ ನರಸಿಂಹ, ಫೋಟೋ ತಗೊಳ್ರಿ, ನಡೀರಿ’. ಪಕ್ಕದಲ್ಲೇ ಇನ್ನೊಂದು ಗುಂಪಿಗೆ ಕಾರ್ಡ್ ಹಾಕಿಕೊಂಡ ಹಿರಿಯ ಗೈಡ್ ಒಬ್ಬರು ಹೇಳುತ್ತಿದ್ದದ್ದನ್ನು ನಾವು ಕದ್ದು ಕೇಳಿದಂತೆ ಕೇಳಿದೆವು. ಒಂದೇ ಬಂಡೆಯಲ್ಲಿ ಕಡೆದ, 6.7 ಮೀಟರ್ ಎತ್ತರದ ಮೂರ್ತಿ, 1528ರದು. ಮೊದಲು ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದು ಹೋದಳು, ಸ್ವಾಮಿಯನ್ನು ಬಳಸಿದ್ದ ಅಮ್ಮನವರ ಕೈಯೊಂದು ಮಾತ್ರ ಇನ್ನೂ ಅವನ ಬೆನ್ನ ಮೇಲೆ ಉಳಿದಿದೆ. ಅಮ್ಮ ಅದನ್ನು ಕೇಳಿ ಕೈ ಮುಗಿದು ನಿಂತಳು. ಅಷ್ಟರಲ್ಲಿ ನಮ್ಮ ಗಾಡಿ ಹಾರ್ನ್ ಹೊಡೆಯಲು ಶುರು ಮಾಡಿತು.

ಮಹಾನವಮಿ ದಿಬ್ಬ, ರಾಣಿ ಸ್ನಾನಗೃಹ, ಹಜಾರ ರಾಮನ ಗುಡಿ ಈ ಮೂರನ್ನೂ ಗಾಡಿಯ ಕಿಟಕಿಯಿಂದ ಬೆರಳು ಮಾಡಿ ತೋರಿಸಿದರು. ಆ ಬೆರಳು ಮಾಡಿದ್ದಕ್ಕೂ 21ರಲ್ಲಿ ಒಂದೊಂದು ನಂಬರ್. ದಿಬ್ಬದ ಹತ್ತಿರ ಕರಿಕಲ್ಲಿನ ಪುಷ್ಕರಣಿ ಇದೆ, 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು. ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಕೂರಬೇಕು ಅನ್ನುವ ಗುರುತನ್ನು ಮೆಟ್ಟಿಲುಗಳ ಮೇಲೇ ಕೊರೆದಿದ್ದಾರೆ. ನಾನು ಹತ್ತನೇ ಕ್ಲಾಸಿನ ಟೂರಿನಲ್ಲಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದ್ದು ಇವತ್ತಿಗೂ ನೆನಪಿದೆ. ಅದನ್ನು ನೋಡದೆ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುವುದೇಕೆ?

ಊಟ ಎರಡು ಗಂಟೆಗೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎರಡನೇ ರೊಟ್ಟಿಗೆ ದುಡ್ಡು ಬೇರೆ ಅಂದರು ಅಷ್ಟೆ.

ಆಮೇಲೆ ಆನೆಗುಂದಿ. ಹಂಪಿಗೂ ಆನೆಗುಂದಿಗೂ ನಡುವೆ ಹೊಳೆ ಒಂದೇ ಅಡ್ಡ, ಆದರೆ ಗಾಡಿಯಲ್ಲಿ ಹೋಗಬೇಕೆಂದರೆ ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿಕೊಂಡು ಹೋಗಬೇಕು. ಅಂಜನಾದ್ರಿಗೆ 575 ಮೆಟ್ಟಿಲು. ಹತ್ತಿ ಇಳಿಯಲು ಗಟ್ಟಿಮುಟ್ಟಾದವರಿಗೂ ಒಂದೂವರೆ ತಾಸು ಬೇಕು ಅನ್ನುವುದು ಪೋಸ್ಟರ್ ಮಾಡಿದವರಿಗೆ ಗೊತ್ತಿರಲಿಲ್ಲವೇ? ಬೆಟ್ಟದ ಕೆಳಗೆ ರಸ್ತೆಯಲ್ಲೇ ಗಾಡಿ ನಿಲ್ಲಿಸಿ, ‘ಇದೇ ಅಂಜನಾದ್ರಿ, ಕುಂತಲ್ಲೇ ಕೈ ಮುಗೀರಿ’ ಅಂದರು. ಹರಕೆ ಹೊತ್ತು ಬಂದಿದ್ದ ಒಬ್ಬ ತಾಯಿ ಗಾಡಿಯಲ್ಲೇ ಅತ್ತರು.

ಇನ್ನು ಹರಿಗೋಲಿನ ವಿಷಯ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟಿದ್ದ ದಿನಗಳು ಅವು. ಡ್ಯಾಮಿನ ಗೇಟು ತೆರೆದರೆ ಹಂಪಿ ಆನೆಗುಂದಿ ಕಡೆ ಬಂಡೆಗಳೇ ಕಾಣುವುದಿಲ್ಲ, ಪುರಂದರ ಮಂಟಪದೊಳಗೆ ನೀರು ನುಗ್ಗುತ್ತದೆ, ನಮ್ಮ ಭಾಗದ ಪೇಪರಿನಲ್ಲಿ ಪ್ರತಿ ಮಳೆಗಾಲ ಆ ಫೋಟೋ ಬರುತ್ತದೆ. ನಾವು ದಂಡೆಗೆ ಹೋದಾಗ ದಿನಾ ಹರಿಗೋಲು ಹಾಕುವವರು ಎಲ್ಲವನ್ನೂ ಮೇಲಕ್ಕೆ ಎಳೆದು ಬೋರಲು ಹಾಕಿದ್ದರು. ಅಲ್ಲಿ ಕೂತಿದ್ದ ಹಿರಿಯರೊಬ್ಬರು, ‘ಮ್ಯಾಲಿಂದ ಬಿಟ್ಟಾರ್ರಿ, ಇವತ್ತು ಯಾರೂ ಹಾಕಂಗಿಲ್ಲ’ ಅಂತ ಸ್ಪಷ್ಟವಾಗಿ ಹೇಳಿದರು.

ಅಲ್ಲಿಗೆ ಮುಗಿಯಬೇಕಿತ್ತು. ಗೈಡ್ ಫೋನ್ ಮಾಡಿ, ಬಾಳೆ ತೋಟದ ನಡುವೆ ನಮ್ಮನ್ನು ಇನ್ನೊಂದು ಕಡೆ ದಂಡೆಗೆ ನಡೆಸಿಕೊಂಡು ಹೋದ. ಅಲ್ಲಿ ಒಬ್ಬ ಹುಡುಗ, ಒಂದು ಹರಿಗೋಲು. ‘ಇದು ಪ್ಯಾಕೇಜಿನಾಗ ಬರಂಗಿಲ್ಲ, ತಲೆಗೆ ಇನ್ನೂರು’ ಅಂದ. ಹುಲ್ಲು ಮುಳುಗುವಷ್ಟು ನೀರು ದಂಡೆ ಮೇಲೆ ಬಂದಿತ್ತು, ಕೆಂಪಗೆ, ಸದ್ದಿಲ್ಲದೆ ಬಿರುಸಾಗಿ ಹರಿಯುತ್ತಿತ್ತು. ಎರಡೇ ಎರಡು ಲೈಫ್ ಜಾಕೆಟ್. ಒಂದರ ಕೊಂಡಿ ಮುರಿದು ಅದನ್ನು ದಾರದಿಂದ ಕಟ್ಟಿದ್ದರು. ಆರು ಜನರ ಒಂದು ಕುಟುಂಬ ಆಗಲೇ ಹತ್ತಿ ಕೂತಿತ್ತು. ಅಕ್ಕನ ಮಗ ಒಂದು ಕಾಲು ಒಳಗಿಟ್ಟ. ಹರಿಗೋಲಿನ ಆ ಅಂಚು ಕೆಳಗೆ ಬಾಗಿ ನೀರು ಒಳಗೆ ಬಂತು. ಅಮ್ಮ ಹಿಂದಿನಿಂದ ಅವನ ಅಂಗಿಯ ಕಾಲರ್ ಹಿಡಿದು ಎಷ್ಟು ಜೋರಾಗಿ ಎಳೆದಳೆಂದರೆ ಗುಂಡಿ ಕಿತ್ತು ಬಂತು. ‘ನನ್ನ ಮೊಮ್ಮಗ ಹತ್ತಂಗಿಲ್ಲ. ನೀವೂ ಇಳೀರಿ ಯಮ್ಮಾ, ಮಕ್ಕಳನ್ನ ಇಳಿಸ್ರಿ’ ಅಂತ ಕೂತಿದ್ದವರಿಗೂ ಹೇಳಿದಳು. ಗೈಡ್ ಅವಳ ಮೇಲೆಯೇ ರೇಗಿದ. ‘ದಿನಾ ಹೋಗ್ತಾರಮ್ಮ, ನೀವೊಬ್ರು ಹೆದರಿಸಬ್ಯಾಡ್ರಿ’ ಅಂತ. ಗಲಾಟೆ ಕೇಳಿ ತೋಟದ ರೈತರು ಓಡಿ ಬಂದು ಆ ಹುಡುಗನಿಗೆ ಬೈದ ಮೇಲೆ ಆರೂ ಜನ ಇಳಿದರು.

ಹೊಳೆಗೆ ನೀರು ಬಿಟ್ಟಾಗ ತಲಾರಿಘಾಟಿನಲ್ಲಾಗಲಿ ನವವೃಂದಾವನದ ಕಡೆಯಾಗಲಿ ದೋಣಿ ನಿಲ್ಲಿಸುವುದು ಸುಮ್ಮನೆ ಅಲ್ಲ. ನಿತ್ಯ ಹುಟ್ಟು ಹಾಕುವವರು ಬೇಡ ಅಂದ ಮೇಲೆ, ಬೇರೆ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದವರ ಹಿಂದೆ ಒಂದು ಹೆಜ್ಜೆಯೂ ಇಡಬೇಡಿ.

ಇಷ್ಟೆಲ್ಲ ಆಗಿ ಗೆಜ್ಜಲ ಮಂಟಪದ ಹತ್ತಿರ ಬಂದಾಗ ಸಂಜೆ ಐದೂಇಪ್ಪತ್ತೈದು. ಅಲ್ಲಿಂದ ವಿಠ್ಠಲನ ಗುಡಿಗೆ ಸುಮಾರು ಒಂದು ಕಿಲೋಮೀಟರ್, ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಟಿಕೆಟ್ ಕೊಡುವುದು ನಿಂತಿತ್ತು, ಒಳಗಿದ್ದವರನ್ನು ಹೊರಗೆ ಕಳಿಸುತ್ತಿದ್ದರು. ಅಕ್ಕ ಕಾವಲಿನವರನ್ನು ಕೇಳಿಕೊಂಡಳು, ಅವರೇನು ಮಾಡಿಯಾರು? ಅಮ್ಮ ಏನೂ ಮಾತಾಡದೆ ಅಲ್ಲೇ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಹೊಳೆಯಿತು. ವಿಠ್ಠಲನ ಗುಡಿ, ಕಮಲ ಮಹಲ್ ಮತ್ತು ಆನೆ ಲಾಯ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ ಇಷ್ಟಕ್ಕೂ ಪುರಾತತ್ವ ಇಲಾಖೆಯ ಟಿಕೆಟ್ ಒಂದೇ. ಅದೇ ದಿನ ಎಲ್ಲಾ ಕಡೆ ನಡೆಯುತ್ತದೆ, ನಮ್ಮಂಥವರಿಗೆ 40 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಇವುಗಳಲ್ಲಿ ಒಂದು ಕಡೆಗೂ ನಮ್ಮನ್ನು ಇಳಿಸಲಿಲ್ಲ. ಕಮಲ ಮಹಲ್‌ಗೆ ‘ರಶ್ ಐತಿ’, ಮ್ಯೂಸಿಯಂಗೆ ‘ಅದರಾಗೇನೈತಿ’. ಎಂಟ್ರಿ ಟಿಕೆಟ್ ಸೇರಿ ಅಂತ ದುಡ್ಡು ತೆಗೆದುಕೊಂಡವರು ಆ ದಿನ ನಮಗಾಗಿ ಒಂದೇ ಒಂದು ಟಿಕೆಟ್ಟನ್ನೂ ಕೊಳ್ಳಲಿಲ್ಲ. ಹುಡುಗನಿಗೆ ಮಾತ್ರ ಪೂರ್ತಿ 1,300 ಹಿಡಿದಿದ್ದರು.

ದುಡ್ಡು ವಾಪಸು ಕೇಳಿದೆ. ಟ್ರಾಫಿಕ್ಕು, ಮಳೆಗಾಲ, ನೀವೇ ತಡ ಮಾಡಿದಿರಿ ಅಂತ ಮೂರು ದಿನ ಮೂರು ಕಾರಣ. ನಾಲ್ಕನೇ ದಿನ ಅವರ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಪೋಸ್ಟರ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಗಾಡಿಯ ಫೋಟೋ ಜೋಡಿಸಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವೂ ಇಂಥದ್ದರಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಪೋಸ್ಟರನ್ನು ಅಳಿಸಬೇಡಿ, ಏನೇನು ಸೇರಿದೆ ಅಂತ ಅವರೇ ಬರೆದುಕೊಟ್ಟ ಸಾಕ್ಷಿ ಅದು.

ಪ್ಯಾಕೇಜಿನಲ್ಲೇ ಹೋಗುವವರಿದ್ದರೆ ಎಷ್ಟು ಸ್ಥಳ ಅಂತ ಕೇಳಬೇಡಿ, ಯಾವ ಸ್ಥಳದಲ್ಲಿ ಎಷ್ಟು ಹೊತ್ತು ಅಂತ ಬರೆದು ಕೊಡಲು ಹೇಳಿ. ಬಳ್ಳಾರಿಯಿಂದ ಹೋಗಿ ಬರುವುದಕ್ಕೇ ಮೂರೂವರೆ ನಾಲ್ಕು ತಾಸು ಬೇಕು, ಉಳಿದ ಹೊತ್ತನ್ನು 21ರಿಂದ ಭಾಗಿಸಿ ನೋಡಿ. ಗಾಡಿಯ ನಂಬರ್ ಪ್ಲೇಟಿನ ಫೋಟೋ, ಗೈಡ್ ಕಾರ್ಡಿನ ಫೋಟೋ ಮೊದಲೇ ತರಿಸಿಕೊಳ್ಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ದುಡ್ಡನ್ನು ಅರ್ಧಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ. ನಿಮಗೆ ಮುಖ್ಯವಾದ ಜಾಗವನ್ನು ಬೆಳಿಗ್ಗೆಯೇ ಮೊದಲು ತೋರಿಸಲು ಹೇಳಿ, ‘ಕೊನೆಗೆ ತೋರಿಸ್ತೀವಿ’ ಅಂದದ್ದನ್ನು ಒಪ್ಪಿಕೊಂಡೇ ನಾವು ಕೆಟ್ಟೆವು.

ನಾವಂತೂ ಮಳೆ ನಿಂತ ಮೇಲೆ ಒಂದು ವಾರದ ದಿನ, ನಾವೇ ಹೋಗುತ್ತೇವೆ. ಹೊಸಪೇಟೆವರೆಗೆ ಬಸ್ಸು, ಅಲ್ಲಿಂದ ದಿನದ ಬಾಡಿಗೆಗೆ ಒಂದು ಆಟೋ, ಕಾರ್ಡ್ ಇರುವ ಗೈಡ್ ಒಬ್ಬರು. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಮೊದಲು ವಿಠ್ಠಲನ ಗುಡಿ.

ಇದನ್ನು ಈ ವಾರವೇ ಬರೆಯಲು ಕಾರಣವಿದೆ. ದಸರಾ ರಜೆಗೆ ಅಂತ ಅದೇ ಪೋಸ್ಟರ್ ಮತ್ತೆ ಬಳ್ಳಾರಿಯ ಗುಂಪುಗಳಲ್ಲಿ ಓಡಾಡುತ್ತಿದೆ. ಈ ಸಲ 24 ಸ್ಥಳ ಅಂತ ಹಾಕಿದ್ದಾರೆ, ಹರಿಗೋಲಿನ ಚಿತ್ರವನ್ನು ದೊಡ್ಡದು ಮಾಡಿದ್ದಾರೆ.