ದಪ್ಪ ಇರೋರಿಗೆ ಡ್ಯಾನ್ಸ್ ಫಿಟ್ನೆಸ್ ಕ್ಲಾಸ್ ಆಗುತ್ತಾ? ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 4 ಸ್ಟಾರ್. ಕ್ಲಾಸಿನ ಹೆಸರು ಬೇಡ, ಯಾಕಂದ್ರೆ ಬೈಯೋದೂ ಇದೆ. ನಾನು ಇಪ್ಪತ್ತರ ಆಸುಪಾಸಿನವಳು, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 30 ದಾಟಿದೆ ಅಂದ್ರೆ ಲೆಕ್ಕದ ಪ್ರಕಾರ ಒಬೀಸ್, ಜೊತೆಗೆ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಪೀರಿಯಡ್ಸ್ ಹಿಂದೆಮುಂದೆ ಆಗೋ ತೊಂದ್ರೆ) ಬೇರೆ. ಟ್ರೆಡ್‌ಮಿಲ್ ಮೇಲೆ ಗೋಡೆ ನೋಡ್ಕೊಂಡು ನಡ್ಯೋದು ನನ್ ಕೈಲಿ ಆಗಲ್ಲ ಅಂತ ಗೊತ್ತಾದ್ಮೇಲೆ ಈ ಕ್ಲಾಸಿಗೆ ಸೇರಿದ್ದು. ತೆಳ್ಳಗಿರೋರು ಬರ್ದಿರೋ ರಿವ್ಯೂ ಬೇಜಾನ್ ಇದಾವೆ, "ಸಖತ್ ಎನರ್ಜಿ, ಸೂಪರ್ ವೈಬ್" ಅಂತ, ಅದ್ರಿಂದ ನಮ್ಮಂಥೋರಿಗೆ ಏನೂ ಗೊತ್ತಾಗಲ್ಲ.

ಇಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಸ್ಟೇಜ್ ಮೇಲೆ ಇಬ್ರು ಟ್ರೇನರ್ ಇರ್ತಾರೆ ಅನ್ನೋದು. ಒಬ್ಳು ಹಾರ್ತಾಳೆ, ಇನ್ನೊಬ್ಳು ಅದೇ ಸ್ಟೆಪ್ಪನ್ನ ಹಾರ್ದೆ ಮಾಡ್ತಾಳೆ. ಗ್ರೇಪ್‌ವೈನ್ ಅಂತ ಒಂದಿದೆ, ಬಲಗಾಲು ಪಕ್ಕಕ್ಕೆ, ಎಡಗಾಲು ಅದ್ರ ಹಿಂದೆ, ಮತ್ತೆ ಬಲಗಾಲು ಪಕ್ಕಕ್ಕೆ, ಕೊನೇಲಿ ಒಂದು ಟ್ಯಾಪ್. ಆ ಟ್ಯಾಪ್ ಜಾಗದಲ್ಲಿ ಮೊದಲನೆಯವಳು ಜಂಪ್ ಮಾಡ್ತಾಳೆ, ಎರಡನೆಯವಳು ಮಂಡಿ ಸ್ವಲ್ಪ ಎತ್ತಿ ಕೈ ಮಾತ್ರ ಜೋರಾಗಿ ಬೀಸ್ತಾಳೆ. ನಾವು ಯಾರನ್ನ ಫಾಲೋ ಮಾಡ್ತಿದೀವಿ ಅಂತ ಪಕ್ಕದವ್ರಿಗೆ ಗೊತ್ತೂ ಆಗಲ್ಲ, "ನಿಮ್ಗೆ ಆಗ್ದಿದ್ರೆ ನೀವು ಸಿಂಪಲ್ಲಾಗಿ ಮಾಡಿ" ಅಂತ ಮೈಕಲ್ಲಿ ಕೂಗಿ ಎಲ್ರೂ ತಿರುಗಿ ನೋಡೋ ಹಾಗೆ ಮಾಡೋದೂ ಇಲ್ಲ. ಇದನ್ನೇ ಲೋ ಇಂಪ್ಯಾಕ್ಟ್ ಅನ್ನೋದು, ಯಾವಾಗ್ಲೂ ಒಂದು ಪಾದ ನೆಲದ ಮೇಲೇ ಇರ್ಬೇಕು. ನಮ್ಗೆ ಇದು ನಿಜವಾಗ್ಲೂ ಮುಖ್ಯ, ಯಾಕಂದ್ರೆ ಮಂಡಿ ಸವೆತ ಇರೋ ದಪ್ಪ ಜನರನ್ನ ಇಟ್ಕೊಂಡು ಅಳೆದು ನೋಡಿದಾಗ ಮೈಯಲ್ಲಿ 1 ಕೆಜಿ ಇಳಿದ್ರೆ ನಡೆಯೋವಾಗ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಮ್ಮಿ ಆಗಿತ್ತಂತೆ, ಅಂದ್ಮೇಲೆ ಜಾಸ್ತಿ ತೂಕ ಇಟ್ಕೊಂಡು ಹಾರೋವಾಗ ಮಂಡಿ ಗತಿ ಏನು ಅಂತ ನೀವೇ ಯೋಚ್ನೆ ಮಾಡಿ. ಜುಂಬಾ ಲೈಸೆನ್ಸ್ ಗೋಡೆಗೆ ನೇತಾಕಿರೋರಿಗೆಲ್ಲಾ ಇದು ಗೊತ್ತಿರುತ್ತೆ ಅಂತ ನಂಬ್ಕೋಬೇಡಿ.

ಇನ್ನೊಂದು, ಹೊಸಬರ ಬ್ಯಾಚಲ್ಲಿ ಕನ್ನಡಿಗೆ ಕರ್ಟನ್ ಎಳೀತಾರೆ. ಸಣ್ ವಿಷ್ಯ ಅನ್ಸ್‌ಬೋದು, ಆದ್ರೆ ಹೊಟ್ಟೆ ಕುಣಿಯೋದನ್ನ ನೋಡ್ಕೊಂಡೇ ಸ್ಟೆಪ್ ತಪ್ಪಿಸ್ಕೊಳ್ಳೋರಿಗೆ ಇದರ ಬೆಲೆ ಗೊತ್ತು.

ಈಗ ಬೈಗುಳ. ಮೈಕಲ್ಲಿ "ಒಂದ್ ಕ್ಲಾಸಿಗೆ ಸಾವಿರ ಕ್ಯಾಲೋರಿ" ಅಂತ ಕೂಗ್ತಾರೆ. ಸುಳ್ಳು ಸ್ವಾಮಿ. ಲೋ ಇಂಪ್ಯಾಕ್ಟ್ ಏರೋಬಿಕ್ ಡ್ಯಾನ್ಸಿಗೆ ಸುಮಾರು 5 ಮೆಟ್ (ಅಂದ್ರೆ ಸುಮ್ನೆ ಕೂತಿದ್ದಾಗ ಖರ್ಚಾಗೋದರ 5 ಪಟ್ಟು), ಹಾರೋದಕ್ಕೆ 7ರ ಹತ್ರ ಅಂತ ಲೆಕ್ಕ ಹಾಕ್ತಾರೆ. 80 ಕೆಜಿ ಇರೋರು ಪೂರ್ತಿ ಒಂದ್ ಗಂಟೆ ನಿಲ್ಲಿಸ್ದೆ ಮಾಡಿದ್ರೂ 400ರಿಂದ 560 ಕ್ಯಾಲೋರಿ, ಅದ್ರಲ್ಲೂ ಸುಮಾರು 80 ಸುಮ್ನೆ ಕೂತಿದ್ರೂ ಖರ್ಚಾಗ್ತಿತ್ತು. ನೀರು ಕುಡಿಯೋಕೆ ನಿಲ್ಲೋದು, ಸೆಲ್ಫಿ ತಗೊಳೋದು ಎಲ್ಲಾ ಕಳೆದ್ರೆ ಇನ್ನೂ ಕಮ್ಮಿ. ಈ ಸಾವಿರದ ಲೆಕ್ಕ ನಂಬ್ಕೊಂಡು ತಿನ್ನೋಕೆ ಶುರು ಮಾಡಿದ್ರೆ ತೂಕ ಇಳಿಯಲ್ಲ, ಆಮೇಲೆ ಡ್ಯಾನ್ಸಿಂದ ಏನೂ ಆಗಲ್ಲ ಅಂತ ಬಿಟ್ಟು ಹೋಗ್ತಾರೆ, ನಮ್ ಬ್ಯಾಚಲ್ಲೇ ಹಂಗೆ ಹೋದೋರು ಇದಾರೆ.

ಎರಡ್ನೇದು, ಸ್ಟ್ರೆಂತ್ ಟ್ರೇನಿಂಗ್ ಸೊನ್ನೆ. ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು, ಜೊತೆಗೆ 2 ದಿನ ಮಸಲ್‌ಗೆ ಕೆಲಸ ಕೊಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. 50 ನಿಮಿಷದ 3 ಕ್ಲಾಸ್ ಹೋದ್ರೆ ಮೊದಲ್ನೇದು ಮುಗೀತು, ಎರಡ್ನೇದಕ್ಕೆ ಇವ್ರ ಹತ್ರ ಉತ್ರ ಇಲ್ಲ. ಕೊನೆ ಹತ್ ನಿಮಿಷ ಸ್ಕ್ವಾಟು, ಗೋಡೆಗೆ ಪುಶ್‌ಅಪ್ಪು ಮಾಡಿಸಿದ್ರೆ ಏನ್ ಗಂಟು ಹೋಗುತ್ತೆ ಹೇಳಿ, ಅದರ ಬದ್ಲು ಗ್ರೂಪ್ ಫೋಟೋ. ಒಂದ್ ಸ್ಟಾರ್ ಇಲ್ಲೇ ಹೋಗಿದ್ದು.

ಫಲ ಏನು ಅಂತ ಕೇಳ್ತೀರ ಅಲ್ವಾ. ತೂಕದ ಮೆಷಿನ್ ಶುರುನಲ್ಲಿ ಅಲ್ಲಾಡ್ಲೇ ಇಲ್ಲ, ಈಗ್ಲೂ ನಿಧಾನಕ್ಕೇ ಇಳೀತಿದೆ. ಬದಲಾಗಿದ್ದು ಬೇರೆ. ಮೊದ್ಲು ಮೆಟ್ಲು ಹತ್ತಿದ್ರೆ ಫೋನಲ್ಲಿ ಮಾತಾಡೋಕೆ ಆಗ್ತಿರ್ಲಿಲ್ಲ, ಈಗ ಆಗುತ್ತೆ. ಟೇಪ್ ಹಿಡಿದ್ರೆ ಸೊಂಟ ಇಳಿದಿದೆ, ನಿದ್ದೆ ಚೆನ್ನಾಗಿ ಬರುತ್ತೆ, ಪೀರಿಯಡ್ಸ್ ಮೊದಲಿಗಿಂತ ಟೈಮಿಗೆ ಬರ್ತಿದೆ, ಆದ್ರೆ ಅದಕ್ಕೆ ಮಾತ್ರೆನೂ ಕಾರಣ ಇರ್ಬೋದು, ಪೂರ್ತಿ ಕ್ರೆಡಿಟ್ ಕುಣಿತಕ್ಕೆ ಕೊಡಲ್ಲ. ಡಾಕ್ಟ್ರು ಹೇಳಿದ್ದು ಇಷ್ಟು: ಮಸಲ್ ಕೆಲಸ ಮಾಡ್ತಿರೋವಾಗ ಇನ್ಸುಲಿನ್‌ಗೆ ಕಾಯ್ದೇನೇ ರಕ್ತದಿಂದ ಸಕ್ಕರೆ ಎಳ್ಕೊಳುತ್ತೆ, ಹಾಗಾಗಿ ತೂಕ ಇಳಿಯೋಕೆ ಮುಂಚೇನೇ ಒಳಗೆ ಲಾಭ ಶುರುವಾಗಿರುತ್ತೆ, ಪಿಸಿಓಎಸ್ ಇರೋರಿಗೆ 5ರಿಂದ 10 ಪರ್ಸೆಂಟ್ ತೂಕ ಇಳಿದ್ರೂ ಸಾಕಷ್ಟು ವ್ಯತ್ಯಾಸ ಕಾಣ್ಬೋದು. ನಂಗಂತೂ ಇದೆಲ್ಲದಕ್ಕಿಂತ ದೊಡ್ಡದು ಅಂದ್ರೆ ಬಿಟ್ಟಿಲ್ಲ ಅನ್ನೋದು. ಜಿಮ್ ಕಾರ್ಡ್ ಎಷ್ಟು ಸಲ ವೇಸ್ಟ್ ಮಾಡಿದೀನಿ ಅಂತ ಮನೇಲಿ ಕೇಳಿ, ಇದಕ್ಕೆ ಮಾತ್ರ ಮಳೆ ಬಂದ್ರೂ ಹೋಗ್ತೀನಿ, ಮುಂದಿನ ಹಾಡಿನ ಸ್ಟೆಪ್ ಕಲೀಬೇಕು ಅನ್ನೋ ಹುಚ್ಚಿಗೆ.

ಸೇರೋರಿಗೆ ಬೇಕಾಗೋ ವಿಷ್ಯ: ರನ್ನಿಂಗ್ ಶೂ ಹಾಕ್ಕೊಂಡು ಹೋಗ್ಬೇಡಿ, ಅದರ ಗ್ರಿಪ್ ನೆಲಕ್ಕೆ ಕಚ್ಕೊಳುತ್ತೆ, ಮೈ ತಿರುಗುತ್ತೆ ಪಾದ ತಿರುಗಲ್ಲ, ಆ ತಿರುಚು ಹೋಗಿ ಮಂಡಿಗೆ ಬೀಳುತ್ತೆ. ಸ್ಪೋರ್ಟ್ಸ್ ಬ್ರಾ ಹೈ ಇಂಪ್ಯಾಕ್ಟ್‌ದೇ ತಗೊಳ್ಳಿ, ಶಾರ್ಟ್ಸ್ ಬೇಡ, ತೊಡೆ ಉಜ್ಜಿ ಗಾಯ ಆಗುತ್ತೆ, ಉದ್ದ ಲೆಗಿಂಗ್ಸ್ ಬೆಸ್ಟು. ಸ್ಪೀಡ್ ಸರಿ ಇದೆಯಾ ಅಂತ ನೋಡೋಕೆ ವಾಚ್ ಬೇಕಾಗಿಲ್ಲ, ಪಕ್ಕದವಳ ಹತ್ರ ಒಂದ್ ವಾಕ್ಯ ಮಾತಾಡೋಕಾಗ್ಬೇಕು ಆದ್ರೆ ಹಾಡಿನ ಜೊತೆ ಹಾಡೋಕಾಗ್ಬಾರ್ದು, ಅಷ್ಟೇ. ಎದೆನೋವು, ತಲೆಸುತ್ತು ಬಂದ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟ್ರಿಗೆ ತೋರ್ಸಿ, ಬಿಪಿ ಶುಗರ್ ಮಾತ್ರೆ ತಗೊಳೋರು ಸೇರೋಕೆ ಮುಂಚೆನೇ ಕೇಳ್ಕೊಳ್ಳಿ.

ಚೇಂಜಿಂಗ್ ರೂಮಿನ ಚಿಲಕ ಇನ್ನೂ ಸರಿ ಮಾಡಿಸಿಲ್ಲ, ಇದನ್ನ ಓನರ್ ಓದ್ತಿದ್ರೆ ದಯವಿಟ್ಟು. ಬೇರೆ ಕಡೆ ಟ್ರಯಲ್ ಕ್ಲಾಸಿಗೆ ಹೋಗೋರು ಹಣ ಕಟ್ಟೋಕೆ ಮುಂಚೆ "ಈ ಹಾಡನ್ನ ಒಂದ್ಸಲ ಹಾರ್ದೆ ಮಾಡಿ ತೋರ್ಸಿ" ಅಂತ ಟ್ರೇನರ್‌ನ ಕೇಳಿ. ತಕ್ಷಣ ಮಾಡಿ ತೋರಿಸಿದ್ರೆ ಸೇರಿ, ಮುಖ ಸಿಂಡರಿಸಿದ್ರೆ ಬ್ಯಾಗ್ ಎತ್ಕೊಂಡ್ ಬನ್ನಿ.